ಅಭ್ಯಾಸ ಆಗಿಹೋಗಿದೆ ಅಂದ್ರೆ ಹೇಗೆ?

ಓದುಗರೊಬ್ಬರ ಪತ್ರದ ಸಾರ ಇಷ್ಟು: ವಯಸ್ಸು 54. ಮೂರು ಹೆರಿಗೆ, ಮುಟ್ಟು ನಿಂತಿದೆ. ಸಂಜೆಯಾದರೆ ಕೆಳಗೆ ಭಾರ, ಕೈಗೆ ಗಂಟಿನಂತೆ ಏನೋ ಸಿಗುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಗಂಡ ಹತ್ತಿರ ಬಂದರೆ ಇವರು ಸಿಡುಕುತ್ತಾರೆ, ಗಂಡನಿಗೆ ಕಾರಣ ಹೇಳಿಲ್ಲ. "ಡಾಕ್ಟರಿಗೆ ತೋರಿಸಿದರೆ ಗರ್ಭಕೋಶ ತೆಗೆದೇ ಬಿಡ್ತಾರೆ, ಸುಮ್ನಿರು" ಅಂದಿದ್ದಾರೆ ನಾದಿನಿ. ಗಂಡನಿಗೆ ಹೇಳಬೇಕೋ ಬೇಡವೋ ಅನ್ನೋದು ಪ್ರಶ್ನೆ.

ಅಮ್ಮಾ, ಆ ಪ್ರಶ್ನೆ ಆಮೇಲೆ. ಪತ್ರದ ನಡುವೆ ನೀವು ಹಾಗೇ ದಾಟಿಸಿಬಿಟ್ಟ ಒಂದು ಸಾಲಿದೆ: "ಮೂತ್ರ ಪೂರ್ತಿ ಹೋಗಲು ಬೆರಳಿಂದ ಅದನ್ನು ಒಳಗೆ ತಳ್ಳಿಕೊಳ್ಳುತ್ತೇನೆ, ಅಭ್ಯಾಸ ಆಗಿಹೋಗಿದೆ." ಇದು ಅಭ್ಯಾಸ ಆಗಬಾರದ ವಿಷಯ. ನೀವು ಬರೆದದ್ದು ನೋಡಿದರೆ ಗರ್ಭಕೋಶ ಕೆಳಗೆ ಜಾರಿರುವ ಹಾಗಿದೆ. ಜಾರಿದ ಭಾಗ ಮೂತ್ರದ ದಾರಿಯನ್ನು ಮಡಚಿ ಹಿಡಿಯುತ್ತಿರಬಹುದು. ಮೂತ್ರ ಒಳಗೇ ಉಳಿದರೆ ಮತ್ತೆ ಮತ್ತೆ ಸೋಂಕು. ತೀರಾ ಬಿಟ್ಟರೆ ಕಿಡ್ನಿಗೂ ತೊಂದರೆ.

ನಿಮ್ಮ ನಾದಿನಿಯ ಮೇಲೆ ನನಗೆ ಸಿಟ್ಟಿದೆ. "ಸುಮ್ನಿರು" ಅನ್ನೋ ಮಾತನ್ನು ಈ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೋ! ಅವರು ಹೇಳಿದ್ದು ತಪ್ಪು ಕೂಡ. ಗರ್ಭಕೋಶ ಜಾರಿದವರಿಗೆಲ್ಲ ಆಪರೇಷನ್ ಬೇಕಾಗಲ್ಲ. ಪೆಸರಿ ಅಂತ ಮೆತ್ತನೆಯ ಸಿಲಿಕೋನ್ ಬಳೆ ಇರುತ್ತದೆ. ಡಾಕ್ಟರು ಅಳತೆ ನೋಡಿ ಯೋನಿಯೊಳಗೆ ಕೂರಿಸುತ್ತಾರೆ, ಅದು ಗರ್ಭಕೋಶಕ್ಕೆ ಆಸರೆ. ಎಷ್ಟೋ ಹೆಂಗಸರು ತಾವೇ ತೆಗೆದು ತೊಳೆದು ಹಾಕಿಕೊಳ್ಳುತ್ತಾರೆ. ಆಪರೇಷನ್ ಬೇಕೇ ಆದರೂ, ಗರ್ಭಕೋಶ ಉಳಿಸಿಕೊಂಡೇ ಮೇಲೆತ್ತಿ ಕಟ್ಟುವ ವಿಧಾನಗಳಿವೆ.

ಕೆಗೆಲ್ ವ್ಯಾಯಾಮವನ್ನೂ ಕೇಳಿದ್ದೀರಿ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿದು ಬಿಡೋದು, ಅಷ್ಟೇ. ಸ್ವಲ್ಪ ಜಾರಿದ್ದರೆ ಭಾರ ಕಡಿಮೆಯಾಗುತ್ತದೆ, ಅದಕ್ಕೂ ನಾಲ್ಕು ತಿಂಗಳಾದರೂ ಬಿಡದೆ ಮಾಡಬೇಕು. ಹೊರಗೆ ಬಂದದ್ದನ್ನು ಅದು ಮೇಲೆ ಎಳೆಯಲ್ಲ. ಮಲಬದ್ಧತೆ, ಹಳೇ ಕೆಮ್ಮು ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ, ಮುಕ್ಕಿದಷ್ಟೂ ಕೆಳಗೆ ಒತ್ತಡ.

ಪಾಪ, ನಿಮ್ಮ ಯಜಮಾನರು "ನನ್ನಿಂದ ಏನಾದ್ರೂ ತಪ್ಪಾಯ್ತಾ" ಅಂತ ಕೇಳಿದ್ದಾರೆ ಅಂತ ನೀವೇ ಬರೆದಿದ್ದೀರಿ. ಹಾಗೆ ಕೇಳುವ ಮನುಷ್ಯನಿಗೆ ಹೇಳದೆ ಇನ್ಯಾರಿಗೆ ಹೇಳ್ತೀರಿ?

ಮಾಡಬೇಕಾದ್ದು ಒಂದೇ. ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಕೂತ ತಕ್ಷಣ ಆ ಬೆರಳಿನ ವಿಷಯವನ್ನೇ ಮೊದಲು ಹೇಳಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ, ರಕ್ತ ಕಂಡರೆ ವಾರ ಕಾಯಬೇಡಿ, ಅವತ್ತೇ ಹೊರಡಿ. ಜೊತೆಗೆ ಯಜಮಾನರು ಬರಲಿ. ನಾದಿನಿ ಬೇಡ.