ಮದ್ದುಸೊಪ್ಪಿನ ಪಾಯಸ, ಕೆಂಪು ಮೂತ್ರ ಮತ್ತು ಒಂದು ನೋಟ್‌ಬುಕ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇದರಲ್ಲಿ ಬರುವ ತಾಯಿಯ ಒಪ್ಪಿಗೆ ಇದೆ.)

ಜುಲೈ ಕೊನೆಯ ವಾರ. ಮಡಿಕೇರಿಯಲ್ಲಿ ಮಳೆ ಹಿಡಿದು ಹತ್ತು ದಿನವಾಗಿತ್ತು. ಕೊಡೆ ಹೊರಗಿಟ್ಟು ನನ್ನ ಆಪ್ತಸಮಾಲೋಚನೆ ಕೋಣೆಯೊಳಗೆ ಬಂದವರು ಕುಳಿತ ಕೂಡಲೇ ಹೇಳಿದರು: "ಮಕ್ಕಳ ಜೊತೆ ಇಡೀ ದಿನ ಇರ್ತೀನಿ ಮೇಡಂ. ಆದ್ರೆ ಇರಲ್ಲ."

ವಯಸ್ಸು 32. ಮೈಸೂರಿನವರು, ಮದುವೆಯಾಗಿ ಬಂದದ್ದು ನಾಪೋಕ್ಲು ಕಡೆಯ ಕಾಫಿ ತೋಟಕ್ಕೆ. ನಾಲ್ಕು ವರ್ಷದ ಮಗ, ಒಂದೂವರೆ ವರ್ಷದ ಮಗಳು. ಮಳೆಗಾಲದಲ್ಲಿ ಇಲ್ಲಿ ಪುಟ್ಟ ಮಕ್ಕಳನ್ನು ಸಾಕುವುದು ಹೇಗಿರುತ್ತೆ ಅಂತ ಗೊತ್ತಿರುವವರಿಗೆ ಗೊತ್ತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಬಟ್ಟೆ ಒಣಗಲ್ಲ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಗುವಿನ ಚಡ್ಡಿಗಳು ಹೊಗೆ ವಾಸನೆ ಹಿಡಿದು ನೇತಾಡುತ್ತಿರುತ್ತವೆ. ಅಂಗಳಕ್ಕೆ ಬಿಟ್ಟರೆ ಜಿಗಣೆ.

ಮಗ ಏನೋ ತೋರಿಸಲು ಕರೆದಾಗ ಇವರು "ಹ್ಞೂಂ, ಚೆನ್ನಾಗಿದೆ" ಅನ್ನುತ್ತಿದ್ದರಂತೆ, ನೋಡದೆ. ತಲೆಯಲ್ಲಿ ಮುಂದಿನ ಕೆಲಸ. ಒಂದು ದಿನ ಅವನು, "ಅಮ್ಮಾ, ಕಣ್ಣಿಂದ ನೋಡು" ಅಂದ. ಅದನ್ನು ಹೇಳುವಾಗ ಅತ್ತರು.

ಮೊದಲ ಭೇಟಿಯಲ್ಲಿ ಖಿನ್ನತೆಯ ಪ್ರಶ್ನಾವಳಿ ಕೊಟ್ಟೆ. ತೀವ್ರವಾದದ್ದೇನೂ ಕಾಣಲಿಲ್ಲ. ಆದರೂ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗೆ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆಯಿತ್ತು, ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಇದನ್ನು ಮೊದಲೇ ಹೇಳಲು ಕಾರಣವಿದೆ. ರಕ್ತ ಕಡಿಮೆಯಾಗಿ ಸುಸ್ತಾದವರಿಗೆ "ಇರುವುದನ್ನು ನೆನೆದು ಖುಷಿಪಡಿ" ಅನ್ನುವುದು ಸಲಹೆಯಲ್ಲ, ಗದರಿಕೆ.

ಜೊತೆಗೆ ಕೃತಜ್ಞತೆಯ ಒಂದು ಹಳೆಯ ಅಭ್ಯಾಸ ಕೊಟ್ಟೆ. ರಾತ್ರಿ ಮಲಗುವ ಮುಂಚೆ ಆ ದಿನದ ಮೂರು ಒಳ್ಳೆಯ ಸಂಗತಿ ಬರೆಯುವುದು, ಅವು ಯಾಕೆ ನಡೆದವು ಅಂತಲೂ ಬರೆಯುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹೆಸರಾದ ಅಭ್ಯಾಸ ಇದು.

ಎರಡು ವಾರದ ನಂತರ ನೋಟ್‌ಬುಕ್ ತಂದರು. ಪ್ರತಿ ಪುಟದಲ್ಲೂ ಅದೇ ಮೂರು ಸಾಲು: ಆರೋಗ್ಯವಂತ ಮಕ್ಕಳು, ಒಳ್ಳೆ ಗಂಡ, ಸ್ವಂತ ಮನೆ. "ಬರೆದಷ್ಟೂ ಬೇಜಾರು ಜಾಸ್ತಿ ಆಯ್ತು. ಇಷ್ಟೆಲ್ಲ ಇದ್ದೂ ಗೊಣಗ್ತೀನಲ್ಲ ಅಂತ."

ತಪ್ಪು ನನ್ನದು. ಕೃತಜ್ಞತೆ ಅಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಕೇಳಿಸುವುದು ಋಣ. ಋಣ ಅಂದರೆ ತೀರಿಸಬೇಕು. ಆಕೆ ಬರೆದದ್ದು ಸಾಲದ ಪಟ್ಟಿ.

ನೋಟ್‌ಬುಕ್ ಮುಚ್ಚಿಟ್ಟು ಸುಮ್ನೆ ಕೇಳಿದೆ, ಈ ಎರಡು ವಾರದಲ್ಲಿ ನಕ್ಕಿದ್ದು ಯಾವಾಗ? ಮುಖ ಅರಳಿತು. ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಿತ್ತಲ್ಲ, ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಆ ದಿನ ಔಷಧಿಯ ಗುಣ ತುಂಬಿರುತ್ತದೆ ಅಂತ ಇಲ್ಲಿ ನಂಬುವ ಮದ್ದುಸೊಪ್ಪು ಕುದಿಸಿ ಅತ್ತೆ ಪಾಯಸ ಮಾಡಿದ್ದರು. ನೇರಳೆ ಬಣ್ಣ, ಅದರದ್ದೇ ಒಂದು ಪರಿಮಳ. ಮಗ ಎರಡು ಬಟ್ಟಲು ಕುಡಿದ. ಆಮೇಲೆ ಬಚ್ಚಲಿನಿಂದ ಕಿರುಚಿದ: "ಅಮ್ಮಾ! ಕೆಂಪು! ಕೆಂಪು ಬಂತು!" ಈ ಪಾಯಸ ಕುಡಿದರೆ ಮೂತ್ರ ಕೆಂಪಾಗುವುದು ಕೊಡಗಿನವರಿಗೆ ಮಾಮೂಲು. ಇವರು ಓಡಿದರು, ಅತ್ತೆ ಓಡಿದರು, ಪುಟ್ಟವಳೂ ತೆವಳಿಕೊಂಡು ಹೋದಳು. ನಾಲ್ಕೂ ಜನ ಬಚ್ಚಲ ಬಾಗಿಲಲ್ಲಿ ನಗುತ್ತಾ ನಿಂತರು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತಂತೆ.

"ಇದು ನೋಟ್‌ಬುಕ್‌ನಲ್ಲಿ ಯಾಕಿಲ್ಲ?" ಅಂದೆ.

"ಅಯ್ಯೋ, ಇದನ್ನೆಲ್ಲ ಬರೀತಾರಾ?"

ಇದನ್ನೇ ಬರೆಯಬೇಕಿತ್ತು. ಹೇಳುವಾಗ ಅವರಿಗೆ ಬಣ್ಣ, ವಾಸನೆ, ಅತ್ತೆಯ ಕೈಯಲ್ಲಿದ್ದ ಸೌಟು ಎಲ್ಲ ನೆನಪಿತ್ತು. ಆ ಐದು ನಿಮಿಷ ಅವರು ಅಲ್ಲಿದ್ದರು, ಅದಕ್ಕೇ.

ಅಭ್ಯಾಸ ಬದಲಿಸಿದೆವು. ಕೃತಜ್ಞತೆ ಎಂಬ ಪದವನ್ನೇ ಬಿಟ್ಟೆವು. ಪುಟದ ಮೇಲೆ "ಇವತ್ತು ಕಂಡದ್ದು" ಅಂತ ಬರೆಯಬೇಕು. ಮೂರು ಬೇಡ, ಒಂದೇ ಸಾಕು. ಪ್ರತಿದಿನವೂ ಬೇಡ, ವಾರಕ್ಕೆ ಎರಡು ಸಲ. ದಿನಾ ಮಾಡಿದರೆ ಅದೂ ಒಣಗದ ಬಟ್ಟೆಯ ಹಾಗೆ ಇನ್ನೊಂದು ಕೆಲಸವಾಗುತ್ತದೆ. ಆದರೆ ಕಂಡದ್ದರಲ್ಲಿ ಕಣ್ಣಿಗೋ ಕಿವಿಗೋ ಮೂಗಿಗೋ ಸಿಕ್ಕಿದ್ದು ಒಂದಾದರೂ ಇರಬೇಕು. ಅದರಲ್ಲಿ ಬೇರೆಯವರ ಕೈ ಇದ್ದರೆ ಅವರಿಗೆ ಹೇಳಬೇಕು. ಮನೆಯೊಳಗೆ ಥ್ಯಾಂಕ್ಸ್ ಅಂದರೆ ನಾಟಕ ಅನಿಸುತ್ತೆ, ಅಲ್ವಾ? "ಅತ್ತೆ, ಆ ಪಾಯಸದ ದಿನ ಚೆನ್ನಾಗಿತ್ತು" ಅಂದರೆ ಸಾಕು.

ಗಂಡನನ್ನೂ ಒಮ್ಮೆ ಕರೆಸಿದೆ. ಮಕ್ಕಳ ಸಂಜೆಯ ಸ್ನಾನ ಅವರದ್ದು ಅಂತ ಒಪ್ಪಂದವಾಯಿತು. "ತೋಟದ ಕೆಲಸ ಇರುತ್ತೆ" ಅಂದರು. ಮಳೆಯಲ್ಲಿ ಸಂಜೆ ಆರಕ್ಕೆ ಯಾವ ತೋಟದ ಕೆಲಸ ಅಂತ ಹೆಂಡತಿಯೇ ಕೇಳಿದರು. ನಾನು ಸುಮ್ಮನಿದ್ದೆ.

ಇನ್ನೊಂದು ಮಾತೂ ಹೇಳಿ ಕಳಿಸಿದೆ. ನಿದ್ದೆ ಪೂರ್ತಿ ಕೆಟ್ಟರೆ, ಬದುಕು ಬೇಡ ಅನಿಸಿದರೆ, ಮಗುವಿಗೋ ತನಗೋ ನೋವು ಮಾಡುವ ಯೋಚನೆ ಬಂದರೆ ನೋಟ್‌ಬುಕ್ ಬದಿಗಿಟ್ಟು ಕೂಡಲೇ ವೈದ್ಯರನ್ನು ನೋಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನೆಟ್‌ವರ್ಕ್ ಎಲ್ಲಿ ಸಿಗುತ್ತೆ ಅಂತ ಕೇಳಿ, ಆ ಜಾಗವನ್ನೂ ಬರೆಸಿದೆ. ತೋಟದ ಗೇಟಿನ ಹತ್ತಿರವಂತೆ.

ನವೆಂಬರ್‌ನಲ್ಲಿ ಮತ್ತೆ ಬಂದರು. ಗಂಡ ವಾರಕ್ಕೆ ನಾಲ್ಕು ದಿನ ಸ್ನಾನ ಮಾಡಿಸುತ್ತಿದ್ದಾರೆ, ಏಳಾಗಿಲ್ಲ. ನೋಟ್‌ಬುಕ್‌ನಲ್ಲಿ ಹನ್ನೊಂದು ಪುಟ ತುಂಬಿತ್ತು. ಒಂದರಲ್ಲಿ ಮಗ ಬಸವನಹುಳುವಿಗೆ ಬಿಸ್ಕತ್ತು ತಿನ್ನಿಸಲು ಹೋದದ್ದು. ಇನ್ನೊಂದರಲ್ಲಿ ಮಗಳ ಕೂದಲಿನ ಹೊಗೆ ವಾಸನೆ. ಒಂದು ಪುಟದಲ್ಲಿ ಇಷ್ಟೇ ಇತ್ತು: "ಇವತ್ತು ಏನೂ ಕಾಣಲಿಲ್ಲ. ನಿದ್ದೆ ಬೇಕು."

ಅದನ್ನು ಹರಿದು ಹಾಕಬೇಕೆಂದಿದ್ದರಂತೆ. ಬೇಡ, ಇರಲಿ ಅಂದೆ. ಅರೇಬಿಕಾ ಕಾಫಿಯ ಕೊಯ್ಲು ಮುಗಿದ ಮೇಲೆ ಮುಂದಿನ ಭೇಟಿ.