ಬಳ್ಳಾರಿಯಲ್ಲಿ ಶ್ವಾಸಕೋಶದ ಡಾಕ್ಟರ ಓದು, ಇನ್ಶೂರೆನ್ಸ್ ವಿವರ ತಿಳಿಯುವುದು ಹೇಗೆ?

ನಿಮ್ಮ ತಂದೆಗೆ ಉಸಿರಾಟದ ತೊಂದರೆ, ಐಸಿಯು ಬೇಕಾಗಬಹುದು ಎಂದಿದ್ದೀರಿ. ಮೊದಲು ಡಾಕ್ಟರ ಡಿಗ್ರಿ ನೋಡಿ. ಎಂಬಿಬಿಎಸ್ ನಂತರ 3 ವರ್ಷ ಎಂಡಿ ರೆಸ್ಪಿರೇಟರಿ ಮೆಡಿಸಿನ್ ಓದಿದವರು ಶ್ವಾಸಕೋಶ ತಜ್ಞರು. ಅದರ ಮೇಲೆ ಇನ್ನೂ 3 ವರ್ಷ ಇದೇ ವಿಭಾಗದಲ್ಲಿ ಡಿಎಂ ಅನ್ನುವ ಸೂಪರ್ ಸ್ಪೆಷಾಲಿಟಿ ಡಿಗ್ರಿ ಮಾಡಿದವರಿಗೆ ವೆಂಟಿಲೇಟರ್, ಐಸಿಯು ತರಬೇತಿ ಜಾಸ್ತಿ. ಹಾಗಂತ ಎಂಡಿ ಡಾಕ್ಟರನ್ನು ಬಿಟ್ಟು ಸುಮ್ನೆ ಬೆಂಗಳೂರಿಗೆ ಓಡಬೇಡಿ. ಆಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ), ಟಿಬಿ ಅವರು ದಿನಾ ನೋಡುವ ಕಾಯಿಲೆಗಳೇ. ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಔಷಧಿ ಚೀಟಿಯಲ್ಲಿ ಇರಬೇಕು.

ಇನ್ಶೂರೆನ್ಸ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನಮ್ಮಲ್ಲಿ ಕ್ಯಾಶ್‌ಲೆಸ್ (ಇನ್ಶೂರೆನ್ಸ್ ಕಂಪನಿಯೇ ನೇರವಾಗಿ ಬಿಲ್ ಕಟ್ಟುವ) ಒಪ್ಪಂದ ಸಾಮಾನ್ಯವಾಗಿ ಆಸ್ಪತ್ರೆ ಜೊತೆ ಇರುತ್ತದೆ, ಡಾಕ್ಟರ ಜೊತೆ ಅಲ್ಲ. ಅದೇ ಡಾಕ್ಟರು ಎರಡು ಆಸ್ಪತ್ರೆಗೆ ಹೋಗುತ್ತಿದ್ದರೆ, ಒಂದರಲ್ಲಿ ನಿಮ್ಮ ಪಾಲಿಸಿ ನಡೆಯಬಹುದು, ಇನ್ನೊಂದರಲ್ಲಿ ನಡೆಯದೇ ಇರಬಹುದು. ಆದ್ದರಿಂದ ಸೇರಿಸುವ ಮುಂಚೆಯೇ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಪಾಲಿಸಿ ಕಾರ್ಡ್ ತೋರಿಸಿ. ಐಸಿಯು ಬಾಡಿಗೆಗೆ ದಿನಕ್ಕೆ ಮಿತಿ ಇದೆಯಾ ಅಂತಲೂ ಕೇಳಿ. ಬಿಲ್ ಏರುವುದೇ ಅಲ್ಲಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಇದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಮ್ಮೂರಲ್ಲಿ ಅಂದರೆ ಎಲ್ಲರೂ ವಿಮ್ಸ್ ಅನ್ನುವ ದೊಡ್ಡ ಆಸ್ಪತ್ರೆ. ಅಲ್ಲಿ ಆಗದಿದ್ದರೆ ರೆಫರಲ್ ಕೊಡುತ್ತಾರೆ. ತುರ್ತು ಇದ್ದಾಗ ರೆಫರಲ್‌ಗೆ ಕಾಯಬೇಡಿ.

ಇನ್ನೊಂದು ಮಾತು. ತಂದೆ ಗಣಿಯಲ್ಲೋ ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲೋ ದುಡಿದಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ, ಅಲ್ಲಿನ ಧೂಳಿನಿಂದಲೂ ಶ್ವಾಸಕೋಶ ಕೆಡಬಹುದು.