ಓದುಗರ ಪ್ರಶ್ನೆ: ಮಗಳಿಗೆ ಶಾಂತಲೆ ಎಂದು ಹೆಸರಿಡಬಹುದೇ?

ಪ್ರಶ್ನೆ: ಮೂರು ವಾರದ ಮಗಳಿಗೆ ಶಾಂತಲಾ ಎಂದು ಹೆಸರಿಡಬೇಕೆಂಬುದು ನನ್ನ ಆಸೆ, ನನ್ನ ಅಜ್ಜಿಯ ಹೆಸರೂ ಅದೇ ಆಗಿತ್ತು. ತೀರಾ ಹಳೆಯ ಹೆಸರಾಯಿತು ಎಂದು ಗೆಳತಿಯರು ಹೇಳುತ್ತಾರೆ. ಅತ್ತೆಯವರ ಅಂಜಿಕೆ ಬೇರೆ. ಶಾಂತಲೆ ಮಕ್ಕಳಿಲ್ಲದ ಕೊರಗಿನಲ್ಲಿ ಶಿವಗಂಗೆಯ ಬೆಟ್ಟದಿಂದ ಹಾರಿದವಳು, ಅವಳ ಹೆಸರು ಕೂಸಿಗೆ ಬೇಡ ಎನ್ನುತ್ತಾರೆ. ಈ ಹೆಸರಿನ ಅರ್ಥವೇನು? ಇದು ಎಲ್ಲಿಂದ ಬಂತು? ಇಡಬಹುದೇ?
– ಓದುಗರೊಬ್ಬರು, ಬೇಲೂರು ತಾಲ್ಲೂಕು

ಉತ್ತರ: ಅತ್ತೆಯವರ ಅಂಜಿಕೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ತೊಟ್ಟಿಲು ತೂಗಿ ಹೆಸರು ಕೂಗುವಾಗ ಮನೆಯ ಹಿರಿಯರ ಮನಸ್ಸಿನಲ್ಲಿ ಅಳುಕು ಇರಬಾರದು. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂಬುದಕ್ಕೆ ಶ್ರವಣಬೆಳಗೊಳದ ಶಾಸನದ ಆಧಾರವಿದೆ. ಆದರೆ ಆ ಶಾಸನ ಶಿವಗಂಗೆಯ ತೀರ್ಥದಲ್ಲಿ ಆಕೆ ಸ್ವರ್ಗಸ್ಥಳಾದಳು ಎಂದಷ್ಟೇ ಹೇಳುತ್ತದೆ. ಬೆಟ್ಟದಿಂದ ಹಾರಿದ ಮಾತು ಅಲ್ಲಿಲ್ಲ. ಮಗಳ ಅಗಲಿಕೆಯನ್ನು ತಾಳಲಾರದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಅನ್ನನೀರು ತೊರೆಯುವ ಜೈನರ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಮಾತ್ರ ಶಾಸನದಲ್ಲಿಯೇ ಇದೆ. ಹಾರಿದ ಕಥೆ ಜನರ ಬಾಯಲ್ಲಿ ಬೆಳೆದದ್ದು; ಶಿವಗಂಗೆಗೆ ಹೋದವರಿಗೆ ಇಂದಿಗೂ ಒಂದು ಬಂಡೆಯ ಅಂಚನ್ನು ತೋರಿಸಿ ಅದನ್ನೇ ಹೇಳುತ್ತಾರೆ.

ಆಕೆ ಬದುಕಿದ್ದಾಗ ಮಾಡಿದ್ದನ್ನು ನೋಡಲು ನೀವು ದೂರ ಹೋಗಬೇಕಾಗಿಲ್ಲ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದಾಗ, ಅದೇ ಪ್ರಾಕಾರದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಶಾಂತಲೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಶಾಂತಿನಾಥನಿಗೆ 1123ರಲ್ಲಿ ಒಂದು ಬಸದಿಯನ್ನೂ ಕಟ್ಟಿಸಿದಳು. ಅತ್ತೆಯವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಹೊರಗಿನಿಂದ ಅದು ಸಾದಾ ಕಲ್ಲಿನ ಕಟ್ಟಡ, ಬೇಲೂರಿನ ಕುಸುರಿ ಅಲ್ಲಿ ಕಾಣುವುದಿಲ್ಲ. ಆದರೆ ಅದರ ಹೆಸರು ಸವತಿಗಂಧವಾರಣ ಬಸದಿ, ಮತ್ತು ಅದು ಶಾಂತಲೆಯ ಬಿರುದಿನಿಂದಲೇ ಬಂದದ್ದು. ಗಂಧವಾರಣ ಎಂದರೆ ಮದ್ದಾನೆ; ಅದರ ಮದದ ವಾಸನೆ ಬಡಿದೊಡನೆ ಉಳಿದ ಆನೆಗಳು ಹಿಂದೆ ಸರಿಯುತ್ತವೆಯಂತೆ. ಸವತಿಯರ ನಡುವೆ ಆ ಆನೆಯಂತೆ ನಡೆದವಳು ಎಂದು ಆಕೆಯ ಕಾಲದವರೇ ಕಲ್ಲಿನಲ್ಲಿ ಬರೆಸಿದ್ದಾರೆ. ಇಂಥ ಹೆಂಗಸಿನ ಹೆಸರನ್ನು ಕೊರಗಿನ ಹೆಸರೆಂದು ಕರೆಯಲು ನನಗೆ ಮನಸ್ಸು ಬಾರದು.

ಇನ್ನು ಅರ್ಥ. ಶಾಂತ ಎಂಬುದರ ಮೇಲೆ ‘ಲ’ ಸೇರಿದೆ. ವತ್ಸಲಾ, ಶ್ಯಾಮಲಾ, ಮಂಜುಲಾ ಎಂಬಲ್ಲಿಯೂ ಇದೇ ‘ಲ’ ಇರುವುದರಿಂದ ‘ಶಾಂತ ಸ್ವಭಾವದವಳು’ ಎಂದು ಬಿಡಿಸಿದರೆ ತಪ್ಪಾಗದು. ಆದರೆ ಹೊಯ್ಸಳರ ಕಾಲದ ಹೆಣ್ಣುಮಕ್ಕಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವಿಷ್ಣುವರ್ಧನನ ತಾಯಿ ಏಚಲದೇವಿ, ಅವನ ಇನ್ನೊಬ್ಬ ರಾಣಿ ಬಮ್ಮಲದೇವಿ. ಅವನ ಅಣ್ಣ ಒಂದನೆಯ ಬಲ್ಲಾಳನು ಮದುವೆಯಾದ ಮೂವರು ಅಕ್ಕತಂಗಿಯರಲ್ಲಿ ಇಬ್ಬರ ಹೆಸರು ಪದ್ಮಲದೇವಿ, ಚಾವಲದೇವಿ. ಶ್ರವಣಬೆಳಗೊಳದಲ್ಲಿ 1181ರಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದ ಆಚಿಯಕ್ಕನಿಗೆ ಆಚಲದೇವಿ ಎಂಬ ಹೆಸರೂ ಇತ್ತು. ಏಚ, ಬಮ್ಮ ಎಂಬವು ಅದೇ ಕಾಲದ ಗಂಡಸರ ಹೆಸರುಗಳು. ‘ಲ’ ಸೇರಿದೊಡನೆ ಅವು ಹೆಣ್ಣಿನ ಹೆಸರುಗಳಾಗುತ್ತವೆ. ಹಾಗಾಗಿ ಶಾಂತಲೆ ಎಂಬುದು ಸಂಸ್ಕೃತದ ಮಾತಿಗೆ ಈ ನೆಲದವರು ತಮ್ಮ ರೂಢಿಯ ಕಟ್ಟು ಹಾಕಿ ಮಾಡಿಕೊಂಡ ಹೆಸರು ಎಂಬುದು ನನ್ನ ತಿಳಿವಳಿಕೆ. ಏಚಲೆ, ಬಮ್ಮಲೆ, ಚಾವಲೆ ಎಂದು ಇಂದು ಯಾರೂ ತೊಟ್ಟಿಲಲ್ಲಿ ಕೂಗುವುದಿಲ್ಲ. ಆ ಇಡೀ ಗುಂಪಿನಲ್ಲಿ ಮನೆಮನೆಗೆ ಉಳಿದುಬಂದದ್ದು ಬಹುಮಟ್ಟಿಗೆ ಇದೊಂದೇ.

ಹಳೆಯದಾಯಿತು ಎಂಬ ಗೆಳತಿಯರ ಮಾತು ಸುಳ್ಳಲ್ಲ. ನಮ್ಮ ಕಡೆ ಶಾಂತಲಾ ಎಂದರೆ ನಿವೃತ್ತರಾದ ಟೀಚರು, ಅತ್ತೆ, ದೊಡ್ಡಮ್ಮ ನೆನಪಾಗುತ್ತಾರೆ. ಅಂಗನವಾಡಿಯ ಹಾಜರಿಯಲ್ಲಿ ಆ ಹೆಸರು ಅಪರೂಪ. ಆದರೂ ಅದು ಬಳಕೆಯಿಂದ ಮರೆಯಾಗಿಲ್ಲ. ರಾಜ್ಯ ಸರ್ಕಾರ ನೃತ್ಯ ಕಲಾವಿದರಿಗೆ ಕೊಡುವ ಪ್ರಶಸ್ತಿ ಶಾಂತಲಾ ನಾಟ್ಯಶ್ರೀ. ಸಿ.ಕೆ. ನಾಗರಾಜರಾಯರು ಈ ರಾಣಿಯನ್ನು ಕುರಿತು ಬರೆದ ಕಾದಂಬರಿಗೆ 1983ರ ಮೂರ್ತಿದೇವಿ ಪ್ರಶಸ್ತಿ ಬಂದಿತು.

ಈ ಹೆಸರು ಸಮುದ್ರ ದಾಟಿದ ಸಂಗತಿಯೂ ಒಂದಿದೆ, ಬಾಣಂತಿ ಮನೆಯವರಾದ ನಿಮಗೆ ಅದು ಹಿಡಿಸೀತು. ಫ್ರಾನ್ಸಿನ ವೈದ್ಯ ಫ್ರೆಡರಿಕ್ ಲೆಬೊಯೆ ಅವರು ಕೋಲ್ಕತ್ತದಲ್ಲಿ ಒಬ್ಬ ತಾಯಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುವುದನ್ನು ಕಂಡು, 1976ರಲ್ಲಿ ಅದನ್ನು ಚಿತ್ರಸಹಿತ ಪುಸ್ತಕವಾಗಿ ಪ್ರಕಟಿಸಿದರು. ಆ ತಾಯಿಯ ಹೆಸರು ಶಾಂತಲಾ. ಅಂದಿನಿಂದ ಬ್ರೆಜಿಲ್, ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಕೂಸಿಗೆ ಎಣ್ಣೆ ನೀವುವ ಕೆಲಸಕ್ಕೇ ಶಾಂತಲಾ ಎಂಬ ಹೆಸರು ನಿಂತಿದೆ. ನಿಮ್ಮ ಮಗಳಿಗೆ ಈಗ ದಿನವೂ ನಡೆಯುತ್ತಿರುವ ಎಣ್ಣೆನೀರಿಗೆ ಅಲ್ಲಿಯ ತಾಯಂದಿರು ಅವಳ ಹೆಸರನ್ನೇ ಹೇಳುತ್ತಾರೆ.

ಖಂಡಿತ ಇಡಿ. ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ, ಗಂಡ ವೈಷ್ಣವ. ಆ ಮೂರೂ ಮನೆಗಳಿಗೆ ಸಲ್ಲುವ ಹೆಸರು ನಿಮ್ಮ ಮನೆಗೂ ಸಲ್ಲುತ್ತದೆ, ನಿಮ್ಮ ಅಜ್ಜಿಯ ಹೆಸರೆಂಬ ಪ್ರೀತಿಯೂ ಅದರೊಳಗಿದೆ.

ಪ್ರಶ್ನೆ: ಮಗಳ ಹೆಸರನ್ನು ಶಾಂತಲ, ಶಾಂತಲಾ, ಶಾಂತಲೆ ಎಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮೂರೂ ಬಳಕೆಯಲ್ಲಿವೆ. ಸೀತಾ ಎಂಬುದು ಸೀತೆಯಾದಂತೆ ಶಾಂತಲಾ ಎಂಬುದು ಕನ್ನಡದಲ್ಲಿ ಶಾಂತಲೆಯಾಗುತ್ತದೆ, ‘ಶಾಂತಲೆಯ’, ‘ಶಾಂತಲೆಗೆ’ ಎಂದು ವಿಭಕ್ತಿಯೂ ಸಲೀಸಾಗಿ ಹತ್ತುತ್ತದೆ. ಹ್ರಸ್ವದ ಶಾಂತಲ ಎಂಬುದು ಶಾಂತಲದೇವಿ ಎಂಬ ಸಮಾಸದಲ್ಲಿ ಸಹಜ. ನನ್ನ ಒಲವು ಶಾಂತಲೆಯ ಕಡೆಗೆ. ಆದರೆ ಜನನ ಪ್ರಮಾಣಪತ್ರದಲ್ಲಿ ಈಗಾಗಲೇ ಒಂದು ರೂಪ ದಾಖಲಾಗಿದ್ದರೆ ಶಾಲೆಯಲ್ಲಿಯೂ ಆಧಾರ್‌ನಲ್ಲಿಯೂ ಅದನ್ನೇ ಬರೆಸಿ. ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಷ್ಟರೊಳಗೆ ಮನೆಯವರೆಲ್ಲ ಕೂತು ಒಂದು ರೂಪಕ್ಕೆ ಬನ್ನಿ.